ಶಾಲೆ ಮುಚ್ಚಿತು, ಒಲೆ ಉಳಿಯಿತು

ಚಿಕ್ಕಜೋಗಿಹಾಳ
30 ಫೆಬ್ರವರಿ 2163

ನಮ್ಮ ಲೆಕ್ಕದಲ್ಲಿ ಹಿರಿಯರೂ ನಿಮ್ಮ ಲೆಕ್ಕದಲ್ಲಿ ಇನ್ನೂ ಕನ್ನಡಿ ಮುಂದೆ ನಿಂತು ತಲೆ ಬಾಚಿಕೊಳ್ಳುವ ವಯಸ್ಸಿನವರೂ ಆದ ಹಿಂದಿನ ಕಾಲದ ಮಹನೀಯರಿಗೆ ನಮಸ್ಕಾರಗಳು.

ತಾರೀಖು ನೋಡಿ ಈ ಮುದುಕನಿಗೆ ಅರಳುಮರಳು ಎಂದುಕೊಳ್ಳಬೇಡಿ. ತಾರೀಖು ಸರಿಯಾಗಿಯೇ ಇದೆ. ಸರ್ಕಾರದ ಇಲಾಖೆಗಳೆಲ್ಲ ವರ್ಷವಿಡೀ ಸುಮ್ಮನಿದ್ದು ಮಾರ್ಚ್ ಮೂವತ್ತೊಂದರಂದು ಒಂದೇ ದಿನ ಅನುದಾನವನ್ನೆಲ್ಲ ಖರ್ಚು ಮಾಡುತ್ತವೆ ಎಂಬುದನ್ನು ಒಂದು ಉನ್ನತ ಸಮಿತಿ ಹನ್ನೊಂದು ವರ್ಷ ಅಧ್ಯಯನ ಮಾಡಿ ಕಂಡುಹಿಡಿಯಿತು. ಆ ದಿನವನ್ನೇ ಕ್ಯಾಲೆಂಡರಿನಿಂದ ತೆಗೆದುಬಿಟ್ಟರೆ ಖರ್ಚೇ ಇರುವುದಿಲ್ಲವಲ್ಲ ಎಂದು ಶಿಫಾರಸು ಮಾಡಿತು. ತೆಗೆದರು. ಅದೊಂದನ್ನೇ ತೆಗೆದರೆ ಅನ್ಯಾಯವೆನಿಸೀತೆಂದು ಜನವರಿ ಮೂವತ್ತೊಂದನ್ನೂ ತೆಗೆದರು. ಹೀಗೆ ಉಳಿತಾಯವಾದ ಎರಡು ದಿನಗಳನ್ನು ಬಡ ತಿಂಗಳೆಂಬ ಅನುಕಂಪದ ಆಧಾರದ ಮೇಲೆ ಫೆಬ್ರವರಿಗೆ ಮಂಜೂರು ಮಾಡಿದರು. ಖರ್ಚು ಮಾರ್ಚ್ ಮೂವತ್ತಕ್ಕೆ ಸರಿಯಿತು. ಅಷ್ಟರಲ್ಲಿ ಸಮಿತಿಯ ಅವಧಿ ಮುಗಿದಿತ್ತು.

ನನ್ನ ಮಾತುಗಳು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನೂರಮೂವತ್ತೆಂಟು ವರ್ಷಗಳಲ್ಲಿ ಭಾಷೆಗೂ ಸ್ವಲ್ಪ ಸವಕಳಿ ಬಂದಿದೆ. ಇದು ಹಿಮ್ಮುಖ ಟಪಾಲಿನಲ್ಲಿ ಬರುತ್ತಿರುವ ಪತ್ರ. ಹಿಮ್ಮುಖ ಟಪಾಲು ಎಂದರೆ ಹಿಂದಿನ ಕಾಲಕ್ಕೆ ಪತ್ರ ಒಯ್ಯುವ ಅಂಚೆ. ಹತ್ತು ವರ್ಷಕ್ಕೊಮ್ಮೆ ಒಂದು ಊರಿಗೆ ಒಂದೇ ಪತ್ರ ಎಂಬ ನಿಯಮವಿದೆ. ಈ ವರ್ಷ ನಮ್ಮೂರಿನ ಪಾಳಿ. ಕಳೆದ ಸಲ ನಮ್ಮವರು ಒಂದಿಷ್ಟು ಮಳೆ ಕಳಿಸಿಕೊಡಿ ಎಂದು ನಿಮಗೆ ಬರೆದಿದ್ದರಂತೆ. ಉತ್ತರ ಬಂದಿಲ್ಲ. ಬೇಸರವೇನಿಲ್ಲ, ಕೆಲಸದ ಒತ್ತಡವಿರುತ್ತದೆ.

ಮೊದಲು ನಮ್ಮ ಕ್ಷೇಮ ಸಮಾಚಾರ. ನಾವೆಲ್ಲ ಚೆನ್ನಾಗಿದ್ದೇವೆ. ಎರೆಭೂಮಿ ಹಾಗೆಯೇ ಇದೆ, ಬಿಸಿಲು ಮಾತ್ರ ಬಡ್ತಿ ಪಡೆದಿದೆ. ಬೀದಿಯ ಈ ಕಡೆಯ ಮಾಳಿಗೆಯಿಂದ ಆ ಕಡೆಯ ಮಾಳಿಗೆಗೆ ಊರಿಗೆ ಊರೇ ಬಟ್ಟೆ ಹೊದ್ದುಕೊಂಡಿದೆ. ಅದಕ್ಕೆ ಊರಚಪ್ಪರ ಎನ್ನುತ್ತೇವೆ. ಯಾರ ಮನೆಯ ಹಳೆಯ ಸೀರೆ ಯಾರ ಬಾಗಿಲ ಮೇಲೆ ಬಂತು ಎಂಬುದೊಂದೇ ಅದರ ಕೆಳಗಿನ ಜಗಳ. ಜೋಳ ಮೊಣಕಾಲೆತ್ತರ ಬೆಳೆಯುತ್ತದೆ, ಕುಳ್ಳ ಜೋಳವೆಂದೇ ಅದರ ಹೆಸರು. ಆದರೆ ರೊಟ್ಟಿ ಮಾತ್ರ ನಿಮ್ಮ ಕಾಲದಷ್ಟೇ ಅಗಲ. ಆ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಸರ್ಕಾರಕ್ಕೆ ಒಂದಿಂಚೂ ಬಿಟ್ಟುಕೊಟ್ಟಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಒಂದು ಮಾತುಕಲ್ಲು ನಿಂತಿದೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಕಲ್ಲು ಅದು. ಇನ್ನು ಮೇಷ್ಟ್ರುಗಳ ಅಗತ್ಯವೇ ಇಲ್ಲ ಎಂದು ನನ್ನ ಅಜ್ಜನ ಕಾಲದಲ್ಲಿ ಅದನ್ನು ಹೂಮಾಲೆ ಹಾಕಿ ನಿಲ್ಲಿಸಿದರು. ಅದಕ್ಕೆ ಜಗತ್ತಿನ ಎಲ್ಲ ನದಿಗಳ ಉದ್ದ ಗೊತ್ತಿತ್ತು. ಆದರೆ ‘ನಿನ್ನೆ ಯಾಕೆ ಬರಲಿಲ್ಲ ನೀನು?’ ಎಂದು ಅದು ಒಂದು ದಿನವೂ ಯಾವ ಮಗುವನ್ನೂ ಕೇಳಲಿಲ್ಲ. ಹಾಗಾಗಿ ಮಕ್ಕಳೂ ಅದರ ಹತ್ತಿರ ಹೋಗಲಿಲ್ಲ. ಆಮೇಲೆ ಅದರ ದುರಸ್ತಿಯ ದುಡ್ಡಿಗೂ ಕತ್ತರಿ ಬಿತ್ತು. ಈಗ ಅದು ಯಾವುದೋ ಬೇರೆ ಜಿಲ್ಲೆಯ ಹವಾಮಾನ ಹೇಳುತ್ತದೆ. ಆಡುಗಳು ಉಪ್ಪಿನ ಆಸೆಗೆ ನೆಕ್ಕುತ್ತವೆ.

ಈಗ ವಿಷಯಕ್ಕೆ ಬರುತ್ತೇನೆ. ವಿಷಯ ನಮ್ಮೂರಿನ ಶಾಲೆ. ಅದು ಇಲ್ಲ. ಇದೆ, ಆದರೆ ಇಲ್ಲ. ಸ್ವಲ್ಪ ತಾಳ್ಮೆ ಇರಲಿ, ಬಿಡಿಸಿ ಹೇಳುತ್ತೇನೆ.

2041ರಲ್ಲಿ ಸರ್ಕಾರದ ಬೊಕ್ಕಸ ಸೊರಗಿ, ಮಕ್ಕಳು ಕಡಿಮೆಯಿರುವ ಹಳ್ಳಿಯ ಶಾಲೆಗಳನ್ನೆಲ್ಲ ದೂರದ ದೊಡ್ಡ ಶಾಲೆಗಳ ಜೊತೆ ವಿಲೀನ ಮಾಡಲು ಆದೇಶವಾಯಿತು. ವಿಲೀನ ಎಂಬುದು ಎಷ್ಟು ಮೃದುವಾದ ಮಾತು ನೋಡಿ, ಹಾಲಿನಲ್ಲಿ ಸಕ್ಕರೆ ಹಾಕಿದ ಹಾಗೆ. ನಮ್ಮೂರಿನ ಇಪ್ಪತ್ತನಾಲ್ಕು ಮಕ್ಕಳು ಹತ್ತೊಂಬತ್ತು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ವಿಲೀನವಾಗಬೇಕಿತ್ತು. ಒಂಬತ್ತು ಮಕ್ಕಳು ಹೇಗೋ ಹೋಗಿ ಮುಟ್ಟಿದವು. ಉಳಿದ ಹದಿನೈದರಲ್ಲಿ ಕೆಲವು ಕುರಿಮಂದೆಯಲ್ಲಿ ವಿಲೀನವಾದವು, ಕೆಲವು ಇಟ್ಟಿಗೆ ಭಟ್ಟಿಯ ಊರುಗಳಲ್ಲಿ ಅಪ್ಪ ಅಮ್ಮನ ಜೊತೆ ವಿಲೀನವಾದವು. ಹೆಣ್ಣುಮಕ್ಕಳು ತಮ್ಮ ತಂಗಿಯರನ್ನು ಕಂಕುಳಲ್ಲಿ ಎತ್ತಿಕೊಂಡು ಮನೆಯಲ್ಲೇ ವಿಲೀನವಾದರು. ಮಕ್ಕಳನ್ನು ದೊಡ್ಡ ರಸ್ತೆಯವರೆಗೆ ನಡೆಸಿಕೊಂಡು ಹೋಗಿ ಬಸ್ಸು ಹತ್ತಿಸಲು ತಾಯಂದಿರು ಪಾಳಿ ಹಚ್ಚಿಕೊಂಡರು. ಪಾಳಿ ಬಂದ ದಿನ ಕಳೆ ತೆಗೆಯುವ ಕೂಲಿ ತಪ್ಪುತ್ತಿತ್ತು. ಆ ವರ್ಷ ದೀಪಾವಳಿಯ ಹೊತ್ತಿಗೆ ನಾಲ್ಕು ಮನೆಗಳಿಗೆ ಬೀಗ ಬಿತ್ತು. ಇದು ಸರ್ಕಾರದ ಯಾವ ಕಾಗದದಲ್ಲೂ ಇಲ್ಲ, ನಮ್ಮೂರಿನ ಗೋಡೆಪತ್ರಿಕೆಯ ಹಳೆಯ ಕಟ್ಟಿನಲ್ಲಿದೆ. ಆ ಪತ್ರಿಕೆಗೆ ಈಗ ನಾನೇ ಅಂಕಣ ಬರೆಯುವವನಾದ್ದರಿಂದ ಗೊತ್ತು.

ಆದೇಶದ ಪ್ರಕಾರ ಶಿಕ್ಷಕರು ಹೋದರು, ಬೆಂಚು ಹೋದವು, ಗಂಟೆಯೂ ಹೋಯಿತು. ಆದರೆ ಅಡುಗೆಕೋಣೆ ಹೋಗಲಿಲ್ಲ. ಬಿಸಿಯೂಟದ ಅಡುಗೆಕೋಣೆ ಬೇರೆ ಕಡತದಲ್ಲಿತ್ತು. ಮುಚ್ಚುವ ಪಟ್ಟಿಯಲ್ಲಿ ಅದನ್ನು ಸೇರಿಸಲು ಒಬ್ಬ ಪುಣ್ಯಾತ್ಮ ಗುಮಾಸ್ತ ಮರೆತ. ಆತ ಅಂದು ಚಹಾಕ್ಕೆ ಎದ್ದು ಹೋಗಿದ್ದನೆಂದು ನಮ್ಮೂರಿನ ನಂಬಿಕೆ. ಹೀಗಾಗಿ ಮುಂದಿನ ತಿಂಗಳ ಐದನೇ ತಾರೀಖಿಗೆ ಸರಿಯಾಗಿ ಅಕ್ಕಿ, ಬೇಳೆ, ಎಣ್ಣೆ ಬಂದು ಇಳಿದವು. ಆಗ ಅಡುಗೆ ಮಾಡುತ್ತಿದ್ದಾಕೆ ಹುಲಿಗೆವ್ವ. ಓದು ಬರಹ ಬಾರದ ಹೆಂಗಸು. ಆಕೆ ಚೀಲಗಳನ್ನು ನೋಡಿ, ಬಾಗಿಲಲ್ಲಿ ನಿಂತು, ‘ಅಕ್ಕಿ ಬಂದೈತಿ ಅಂದ್ರ ಸರಕಾರಕ್ಕ ಹುಡುಗ್ರು ಬೇಕಂತಾತಲ್ಲ. ಬರ್ರೋ, ಉಣ್ಣಾಕ ಬರ್ರಿ!’ ಎಂದು ಕೂಗಿದಳಂತೆ. ಮಕ್ಕಳು ಬಂದವು. ಉಂಡವು. ಕೈ ತೊಳೆದುಕೊಂಡ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಕೂತವು. ಸುಮ್ಮನೆ ಕೂತ ಮಕ್ಕಳನ್ನು ಕಂಡರಾಗದ ಹುಲಿಗೆವ್ವ, ಪಿಯುಸಿ ಅರ್ಧಕ್ಕೆ ಬಿಟ್ಟಿದ್ದ ತನ್ನ ಸೊಸೆಯನ್ನು ಕರೆದು, ಚೀಲದ ಮೇಲೆ ಬರೆದದ್ದನ್ನಾದರೂ ಓದಿಸು ಎಂದಳು. ನಮ್ಮೂರಿನ ಮಕ್ಕಳ ಮೊದಲ ಪಾಠ ಇಂದಿಗೂ ‘ನಿವ್ವಳ ತೂಕ ಐವತ್ತು ಕಿಲೋ’ ಎಂದೇ ಶುರುವಾಗುತ್ತದೆ. ಎರಡನೇ ಪಾಠ ‘ಕೊಕ್ಕೆ ಬಳಸಬಾರದು’.

ಅಂದಿನಿಂದ ನಾವು ಅಡುಗೆಕೋಣೆ ಸಂಖ್ಯೆ ನಾನೂರ ಹದಿನೇಳು. ನೂರ ಇಪ್ಪತ್ತೆರಡು ವರ್ಷಗಳಿಂದ ಸರ್ಕಾರದ ಕಣ್ಣಿಗೆ ಅಡುಗೆ ಮಾಡುತ್ತಲೇ ಇದ್ದೇವೆ. ಬೇಕಾದ್ದನ್ನೆಲ್ಲ ಅಡುಗೆಯ ಹೆಸರಿನಲ್ಲೇ ತರಿಸಿಕೊಳ್ಳುತ್ತೇವೆ. ಕರಿಹಲಗೆಗೆ ‘ದೋಸೆ ಹಂಚು, ದೊಡ್ಡದು, ಗೋಡೆಗೆ ಹಾಕುವಂಥದ್ದು’ ಎಂದು ಬರೆದು ಕಳಿಸಿದೆವು, ಬಂತು. ಸೀಮೆಸುಣ್ಣ ‘ಉಪ್ಪು, ಕಡ್ಡಿಯ ಆಕಾರದ್ದು’. ಭೂಪಟ ‘ಮೇಜಿನ ಹಾಸುಬಟ್ಟೆ, ದೇಶಗಳ ಚಿತ್ತಾರವಿರುವುದು’. ತರಗತಿಗಳಿಗೆ ಒಲೆ ಎನ್ನುತ್ತೇವೆ. ನನ್ನ ಮೊಮ್ಮಗಳು ಈಗ ಮೂರನೇ ಒಲೆ. ಪರೀಕ್ಷೆಗೆ ರುಚಿ ನೋಡುವುದು ಎನ್ನುತ್ತೇವೆ. ಪಾಸಾದರೆ ‘ಬೆಂದಿದೆ’, ಇಲ್ಲದಿದ್ದರೆ ‘ಇನ್ನೊಂದು ಕುದಿ ಬೇಕು’. ಹಾಗಾಗಿ ನಮ್ಮೂರಿನಲ್ಲಿ ಇಲ್ಲಿಯವರೆಗೆ ಒಂದು ಮಗುವೂ ಫೇಲಾಗಿಲ್ಲ. ಐದು ಒಲೆ ದಾಟಿದವರಿಗೆ ‘ಊಟ ಮುಗಿಸಿದ ಪತ್ರ’ ಕೊಡುತ್ತೇವೆ. ತಾಲ್ಲೂಕಿನ ಹೈಸ್ಕೂಲಿನವರು ಅದನ್ನು ಕಣ್ಣು ಮಿಟುಕಿಸಿ ತೆಗೆದುಕೊಳ್ಳುತ್ತಾರೆ.

ನಮ್ಮ ಶಿಕ್ಷಕಿಯ ಹೆಸರು ಬಸಲಿಂಗಮ್ಮ. ಊರಿಗೆಲ್ಲ ಬಸಲಿಂಗಮ್ಮ ಅಕ್ಕೋರು. ಗಣಿತದಲ್ಲಿ ಎಂಎಸ್ಸಿ. ಸರ್ಕಾರದ ಪ್ರಕಾರ ಆಕೆ ‘ತರಕಾರಿ ಹೆಚ್ಚುವ ಸಹಾಯಕಿ’. ಅಡುಗೆಕೋಣೆಯಲ್ಲಿ ಎರಡೇ ಹುದ್ದೆ. ಅಡುಗೆಯ ಹುದ್ದೆಯಲ್ಲಿ ಹುಲಿಗೆವ್ವನ ವಂಶದ ದ್ಯಾಮವ್ವ ನಿಜವಾಗಿಯೂ ಅಡುಗೆ ಮಾಡುತ್ತಾಳೆ. ತರಕಾರಿಯ ಹುದ್ದೆಯಲ್ಲಿ ಅಕ್ಕೋರು ಹದಿನಾಲ್ಕು ವರ್ಷದಿಂದ ಪಾಠ ಮಾಡುತ್ತಾರೆ. ತರಕಾರಿಯನ್ನು ಮಕ್ಕಳ ತಾಯಿತಂದೆಯರು ಪಾಳಿಯ ಮೇಲೆ ಬಂದು ಹೆಚ್ಚಿಕೊಟ್ಟು ಹೋಗುತ್ತಾರೆ. ಎಲ್ಲವೂ ಸುಖವಾಗಿತ್ತು.

ಹೋದ ತಿಂಗಳು ಕಡಿತ ಇಲಾಖೆಯಿಂದ ಒಂದು ಕಾಗದ ಬಂತು. ಕಡಿತ ಇಲಾಖೆ ಎಂದರೆ ಉಳಿದ ಇಲಾಖೆಗಳ ಖರ್ಚು ಕಡಿಮೆ ಮಾಡಲು ಹುಟ್ಟಿದ ಇಲಾಖೆ. ನಲವತ್ತು ಸಾವಿರ ನೌಕರರಿದ್ದಾರೆ. ಒಂಬತ್ತು ಅಂತಸ್ತಿನ ಕಟ್ಟಡವಿದೆ. ಉಳಿತಾಯಕ್ಕೆ ತಾವೇ ಮಾದರಿಯಾಗಬೇಕೆಂದು ಲಿಫ್ಟ್ ಮಾತ್ರ ಹಾಕಿಸಿಕೊಂಡಿಲ್ಲ. ಕಾಗದದ ಸಾರಾಂಶ ಇಷ್ಟು: ಪಟ್ಟಣಗಳಲ್ಲಿ ತರಕಾರಿ ಕಾರ್ಖಾನೆಯಿಂದಲೇ ತುಂಡಾಗಿ ಬರುತ್ತಿರುವುದರಿಂದ ಹೆಚ್ಚುವ ಹುದ್ದೆ ಅನಗತ್ಯವೆಂದು ಕಂಡುಬಂದಿದೆ. ಹಳ್ಳಿಗಳಲ್ಲಿ ಈ ಹುದ್ದೆ ಉಳಿಯಬೇಕಾದರೆ, ನೌಕರರು ಅಧಿಕಾರಿಯ ಎದುರು ಈಳಿಗೆಯ ಮೇಲೆ ಕೂತು ಒಂದು ಗಂಟೆಯಲ್ಲಿ ಹತ್ತು ಕಿಲೋ ತರಕಾರಿ ಹೆಚ್ಚಿ ತೋರಿಸತಕ್ಕದ್ದು. ತಪ್ಪಿದಲ್ಲಿ ಹುದ್ದೆ ರದ್ದು. ಮೂರು ವಾರದಲ್ಲಿ ಅಧಿಕಾರಿ ಬರುತ್ತಾರೆ.

ಹುದ್ದೆ ರದ್ದಾದರೆ ಅಕ್ಕೋರು ಇಲ್ಲ. ಅಕ್ಕೋರು ಇಲ್ಲದಿದ್ದರೆ ಮೂವತ್ತೊಂದು ಮಕ್ಕಳಿಗೆ ಉಳಿಯುವುದು ಅರವತ್ತೆರಡು ಕಿಲೋಮೀಟರ್ ದೂರದ ಮಹಾಶಾಲೆ. ಅಲ್ಲಿ ಒಂಬತ್ತು ಸಾವಿರ ಮಕ್ಕಳು, ಹಾಜರಿ ಹೆಸರಿನಿಂದಲ್ಲ, ಸಂಖ್ಯೆಯಿಂದ. ಆರು ವರ್ಷದ ಕೂಸು ನಸುಕಿನಲ್ಲಿ ಎದ್ದು, ನೆಲ ಮುಟ್ಟದೆ ಓಡುವ ಗಾಳಿಗಾಡಿಯಲ್ಲಿ ಕೂತು, ವಾಂತಿ ಮಾಡಿಕೊಳ್ಳುತ್ತ ಹೋಗಿ ಸಂಜೆ ಬರಬೇಕು. ಕಾಗದ ಓದಿ ಮುಗಿಸಿದ ದಿನವೇ ಹನ್ನೊಂದು ಮನೆಯವರು, ಹಾಗಾದರೆ ನಾವೂ ಮಹಾಶಾಲೆಯ ಊರಿಗೇ ಹೋಗಿಬಿಡುತ್ತೇವೆ ಎಂದು ಟ್ರಂಕು ಇಳಿಸಿದರು. ಟ್ರಂಕಿಗೆ ಬೀಗ ಹಾಕಲಿಲ್ಲ. ಮೂರು ವಾರ ತೆರೆದೇ ಇಟ್ಟರು.

ಹೀಗೆ ಊರಿನ ಭವಿಷ್ಯ ಬದನೆಕಾಯಿಯ ಮೇಲೆ ನಿಂತಿತು. ಇಲ್ಲಿ ಒಂದು ಸತ್ಯವನ್ನು ಹೇಳಲೇಬೇಕು. ಬಸಲಿಂಗಮ್ಮ ಅಕ್ಕೋರಿಗೆ ತರಕಾರಿ ಹೆಚ್ಚಲು ಬರುವುದಿಲ್ಲ. ಸುತರಾಂ ಬರುವುದಿಲ್ಲ. ಮನೆಯಲ್ಲಿ ಅಡುಗೆ ಗಂಡನದು. ಈಳಿಗೆಯ ಮಣೆಯ ಮೇಲೆ ಒಂದು ಕಾಲು ಮಡಚಿ ಹೇಗೆ ಕೂರಬೇಕೆಂಬುದೇ ಅವರಿಗೆ ಎರಡು ದಿನದ ಪಾಠವಾಯಿತು. ದ್ಯಾಮವ್ವ ಗುರುವಾದಳು. ಮಕ್ಕಳು ಸುತ್ತಲೂ ಕೂತು ಸಲಹೆಗಾರರಾದರು.

‘ದ್ಯಾಮವ್ವ, ಒಂದೊಂದು ಹೋಳು ಎಷ್ಟು ದಪ್ಪ ಇರಬೇಕು? ಒಂದು ಸೆಂಟಿಮೀಟರ್ ಸಾಕೇನು?’ ಎಂದು ಅಕ್ಕೋರು ಕೇಳಿದರು.

‘ಬಾಯಾಗ ಹಿಡಿಯುವಷ್ಟು ಇರಬೇಕ್ರಿ.’

‘ಯಾರ ಬಾಯಾಗ?’

ದ್ಯಾಮವ್ವ ನನ್ನ ಕಡೆ ತಿರುಗಿ, ‘ಯಪ್ಪಾ, ಇವರಿಗೆ ಕಲಸೂದಕ್ಕಿಂತ ಹತ್ತು ಊರಿಗೆ ಅಡಗಿ ಮಾಡೂದು ಸಸಾರ ನೋಡಪಾ’ ಎಂದಳು.

ಎರಡನೇ ಒಲೆಯ ಗಂಗಿ ಎಂಬ ಹುಡುಗಿ ಅಕ್ಕೋರ ಎಡಗೈ ಪಕ್ಕದಲ್ಲೇ ಕಾವಲು ಕೂತಿರುತ್ತಿದ್ದಳು. ಆಗಾಗ ಅವಳ ಎಚ್ಚರಿಕೆ ಕೇಳಿಸುತ್ತಿತ್ತು: ‘ಅಕ್ಕೋರ, ಅದು ಬೆಂಡಿಕಾಯಿ ಅಲ್ರಿ, ನಿಮ್ಮ ಬೆರಳು!’ ಎರಡನೇ ವಾರದ ಹೊತ್ತಿಗೆ ಅಕ್ಕೋರ ಹತ್ತು ಬೆರಳುಗಳಲ್ಲಿ ಏಳಕ್ಕೆ ಪಟ್ಟಿ. ಹತ್ತರಲ್ಲಿ ಏಳು ಕಳೆದರೆ ಎಷ್ಟು ಎಂಬ ಲೆಕ್ಕವನ್ನು ಒಂದನೇ ಒಲೆಯವರು ಆಗ ಕಲಿತದ್ದು ಇನ್ನೂ ಮರೆತಿಲ್ಲ. ಗಂಟೆಗೆ ಮೂರು ಕಿಲೋದಿಂದ ಶುರುವಾದದ್ದು ಕೊನೆಗೆ ಐದಕ್ಕೆ ಬಂದು ನಿಂತುಬಿಟ್ಟಿತು. ಹತ್ತು ದೂರದ ಮಾತು.

ಆಗ ಶಾಲೆಯ ಉಸ್ತುವಾರಿ ನೋಡುವ ಊರ ಏಳು ಮಂದಿಯ ಒಲೆ ಸಮಿತಿ ಸಭೆ ಸೇರಿತು. ಅಕ್ಕೋರನ್ನು ಬಿಟ್ಟು. ಸಭೆಯಲ್ಲಿ ಎರಡು ನಿರ್ಣಯಗಳಾದವು. ಒಂದು, ಅಧಿಕಾರಿಯ ಎದುರು ಶಾಲೆ, ಪಾಠ, ಮಗ್ಗಿ ಎಂಬ ಮಾತುಗಳು ಯಾವ ಮಗುವಿನ ಬಾಯಿಂದಲೂ ಬರಬಾರದು. ಎರಡು, ದ್ಯಾಮವ್ವ ಮೊದಲೇ ಐದು ಕಿಲೋ ಬದನೆಕಾಯಿ ಹೆಚ್ಚಿ ಬುಟ್ಟಿಯಲ್ಲಿ ತುಂಬಿ ಅಕ್ಕಿ ಚೀಲದ ಹಿಂದೆ ಅಡಗಿಸಿಟ್ಟಿರುವುದು, ಸಮಯ ನೋಡಿ ಅಕ್ಕೋರ ರಾಶಿಗೆ ಸುರಿಯುವುದು. ಎರಡನೆಯ ನಿರ್ಣಯವನ್ನು ಮಂಡಿಸಿದವನು ನಾನೇ. ಆಗ ಅದು ಬುದ್ಧಿವಂತಿಕೆಯಂತೆ ಕಂಡಿತ್ತು.

ಅಧಿಕಾರಿ ಬಂದರು. ಪಾಲಾಕ್ಷ ಎಂದು ಹೆಸರು. ತೆಳ್ಳಗೆ, ಅಚ್ಚುಕಟ್ಟು, ಕೈಯಲ್ಲಿ ಮಡಚುವ ತಕ್ಕಡಿ. ತೆಂಕಣದ ಕಡೆಯವರು. ಬಂದವರೇ ಕೋಣೆಯನ್ನೆಲ್ಲ ಒಮ್ಮೆ ನೋಡಿ, ಗೋಡೆಯ ಎದುರು ನಿಂತು, ಹತ್ತಿರದಲ್ಲಿದ್ದ ಗಂಗಿಯನ್ನು ಕೇಳಿದರು.

‘ಇದೇನಮ್ಮ?’

‘ದೋಸಿ ಹಂಚು ರೀ.’

‘ಗೋಡೆ ಮೇಲೆ?’

‘ಗ್ವಾಡಿ ಮ್ಯಾಲಿನ ದೋಸಿ ಹಂಚು ರೀ.’

‘ಸರಿ. ಇದರ ಮೇಲೆ ಎಂಟು ಹನ್ನೆರಡಲೆ ತೊಂಬತ್ತಾರು ಅಂತ ಬರೆದಿದ್ದಾರಲ್ಲ?’

ಗಂಗಿ ಒಂದು ಕ್ಷಣ ಸಮಿತಿಯ ಕಡೆ ನೋಡಿದಳು. ಸಮಿತಿ ಚಾವಣಿ ನೋಡುತ್ತಿತ್ತು. ‘ಬರದಿಲ್ರಿ,’ ಎಂದಳು ಗಂಗಿ, ‘ಹೊಯ್ದಾರಿ.’

ಪಾಲಾಕ್ಷರು ಮೀಸೆಯನ್ನು ಒಮ್ಮೆ ಸವರಿಕೊಂಡು, ಗಡಿಯಾರ ತೆಗೆದಿಟ್ಟು, ಶುರು ಮಾಡಿ ಎಂದರು.

ಅಕ್ಕೋರು ಈಳಿಗೆಯ ಮುಂದೆ ಕೂತರು. ನಿಜ ಹೇಳಬೇಕೆಂದರೆ ಆ ದಿನ ಅವರು ಅಷ್ಟು ಚೆನ್ನಾಗಿ ಹೆಚ್ಚಿದ್ದನ್ನು ನಾವು ಯಾರೂ ನೋಡಿರಲಿಲ್ಲ. ಕಣ್ಣು ಮೇಲೆತ್ತಲಿಲ್ಲ. ಈರುಳ್ಳಿಗೆ ಅತ್ತರೋ ತಮ್ಮಷ್ಟಕ್ಕೆ ಅತ್ತರೋ ತಿಳಿಯಲಿಲ್ಲ, ಮೂಗು ಏರಿಸಿಕೊಂಡು ಹೆಚ್ಚುತ್ತಲೇ ಇದ್ದರು. ಕಿಟಕಿಯ ಹೊರಗೆ ಹನ್ನೊಂದು ಟ್ರಂಕುಗಳ ಮಾಲೀಕರು ಇಣುಕುತ್ತ ನಿಂತಿದ್ದರು. ನಲವತ್ತೈದು ನಿಮಿಷವಾಯಿತು. ರಾಶಿ ನೋಡಿದರೆ ನಾಲ್ಕೂವರೆ ಕಿಲೋ ದಾಟಿರಲಾರದು. ಅಧಿಕಾರಿ ನೀರು ಕುಡಿಯಲು ಆಚೆ ಮುಖ ತಿರುಗಿಸಿದರು. ನಾನು ಕೆಮ್ಮಿದೆ. ಕೆಮ್ಮು ನಮ್ಮ ಸಂಕೇತ. ದ್ಯಾಮವ್ವ ಅಕ್ಕಿ ಚೀಲದ ಹಿಂದಿನಿಂದ ಬುಟ್ಟಿ ಎಳೆದು, ಸೆರಗು ಮುಚ್ಚಿ, ಮೆಲ್ಲಗೆ ಅಕ್ಕೋರ ರಾಶಿಯತ್ತ ಸರಿಸಿದಳು.

ಅಕ್ಕೋರದು ಹದಿನಾಲ್ಕು ವರ್ಷ ಮಕ್ಕಳ ಕಾಪಿ ಹಿಡಿದ ಕಣ್ಣು. ಅದಕ್ಕೆ ಈಳಿಗೆ ಬೇರೆ, ಪರೀಕ್ಷೆ ಬೇರೆ ಎಂದು ಗೊತ್ತಾಗಲಿಲ್ಲ.

‘ದ್ಯಾಮವ್ವಾ! ಏನದು ಸೆರಗಿನಾಗ? ಎದ್ದು ನಿಂದ್ರು! ಮಂದೀದು ತಂದು ನಂದು ಅಂತ ತೋರಸೂದು ಯಾರು ಕಲಿಸ್ಯಾರ ನಿನಗ? ನಾಚಿಕಿ ಬರೂದಿಲ್ಲಾ? ಎಲ್ಲಾರೂ ಎದ್ದು ನಿಂದರ್ರಿ! ಬಾಯಿ ಮ್ಯಾಲೆ ಬೆರಳು!’

ಐವತ್ತೆಂಟು ವರ್ಷದ ದ್ಯಾಮವ್ವ ದಡಬಡಿಸಿ ಎದ್ದು ಬಾಯಿಯ ಮೇಲೆ ಬೆರಳಿಟ್ಟಳು. ಮೂವತ್ತೊಂದು ಮಕ್ಕಳು ಎದ್ದು ಬೆರಳಿಟ್ಟರು. ಒಲೆ ಸಮಿತಿಯ ಏಳು ಮಂದಿ ರುಮಾಲು ಸಮೇತ ಎದ್ದು ಬೆರಳಿಟ್ಟೆವು. ಕಿಟಕಿಯ ಹೊರಗಿದ್ದವರೂ ಇಟ್ಟರು. ಏನಾಗುತ್ತಿದೆ ಎಂದು ನಾನು ಓರೆಗಣ್ಣಿನಿಂದ ನೋಡಿದರೆ, ನೀರಿನ ಲೋಟವನ್ನು ಎಡಗೈಯಲ್ಲಿ ಹಿಡಿದುಕೊಂಡು, ನೆಟ್ಟಗೆ ನಿಂತು, ಕಡಿತ ಇಲಾಖೆಯೂ ಬಾಯಿಯ ಮೇಲೆ ಬೆರಳಿಟ್ಟುಕೊಂಡಿತ್ತು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಮಾತಾಡುತ್ತಿದ್ದುದು ಒಲೆಯ ಮೇಲಿನ ಸಾರು ಒಂದೇ.

ಅಕ್ಕೋರಿಗೆ ಆಮೇಲೆ ಅರಿವಾಯಿತು. ಕೈಯಲ್ಲಿದ್ದ ಬದನೆಕಾಯಿಯನ್ನು ಕೆಳಗಿಟ್ಟು, ತಗ್ಗಿದ ದನಿಯಲ್ಲಿ ‘ಕುಂದರ್ರಿ’ ಎಂದರು. ಎಲ್ಲರೂ ಕೂತೆವು. ಪಾಲಾಕ್ಷರೂ ಕೂತರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕೋರು ಮಾತ್ರ ಮತ್ತೆ ಈಳಿಗೆಗೆ ಕೂತು ಉಳಿದ ಹದಿನೈದು ನಿಮಿಷವನ್ನು ಪೂರ್ತಿ ಹೆಚ್ಚಿ ಮುಗಿಸಿದರು. ತೂಗಿದಾಗ ಆರು ಕಿಲೋ ಇನ್ನೂರು ಗ್ರಾಂ.

‘ಹತ್ತಕ್ಕೆ ಆರು ಕಿಲೋ ಇನ್ನೂರು. ಫೇಲು’ ಎಂದರು ಪಾಲಾಕ್ಷರು. ಆಮೇಲೆ ಕೇಳಿದರು: ‘ಅಲ್ಲಮ್ಮ, ಇವರೆಲ್ಲ ಅಷ್ಟು ಕಷ್ಟಪಟ್ಟು ಅಡಗಿಸಿಟ್ಟಿದ್ದನ್ನ ನೀವೇ ಹಿಡಿದುಕೊಟ್ಟಿರಲ್ಲ. ಸುಮ್ಮನಿದ್ದಿದ್ದರೆ ನಾನು ನೋಡ್ತಾನೇ ಇರಲಿಲ್ಲ.’

‘ಮಕ್ಕಳು ನೋಡಾಕತ್ತಿದ್ರಲ್ರಿ ಸಾಹೇಬ್ರ’ ಎಂದರು ಅಕ್ಕೋರು.

ಪಾಲಾಕ್ಷರು ಬಹಳ ಹೊತ್ತು ಕಡತ ತಿರುವಿದರು. ಅವರ ಕಷ್ಟ ನಿಮಗೆ ಅರ್ಥವಾಗಬೇಕು. ಇಲ್ಲೊಂದು ಶಾಲೆ ಇದೆಯೆಂದು ಅವರಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಶಿಕ್ಷಣ ಇಲಾಖೆಗೆ ತಿಳಿಸಬೇಕು. ಶಿಕ್ಷಣ ಇಲಾಖೆಯನ್ನು ಅವರದೇ ಇಲಾಖೆ 2119ರಲ್ಲಿ ಉಳಿತಾಯದ ಬಾಬ್ತು ರದ್ದು ಮಾಡಿತ್ತು. ತಿಳಿಸಲು ಜಾಗವಿಲ್ಲ. ಕೊನೆಗೆ ಒಂದು ಪುಟದಲ್ಲಿ ಬೆರಳು ನಿಂತಿತು. ಪರೀಕ್ಷೆಯಲ್ಲಿ ತಪ್ಪಿದ ನೌಕರರಿಗೆ, ಅದೇ ಅಡುಗೆಕೋಣೆಯಲ್ಲಿ ಯೋಗ್ಯ ತರಬೇತುದಾರರು ಇದ್ದಲ್ಲಿ, ಒಂದು ವರ್ಷ ತರಬೇತಿ ಕೊಡತಕ್ಕದ್ದು. ಅಲ್ಲಿಯವರೆಗೆ ಹುದ್ದೆ ರದ್ದು ಮಾಡತಕ್ಕದ್ದಲ್ಲ.

‘ಹತ್ತು ಕಿಲೋ ಹೆಚ್ಚೋರು ಇಲ್ಲಿ ಯಾರಾದರೂ ಇದ್ದಾರಾ?’

ದ್ಯಾಮವ್ವ ಸೆರಗು ಸಿಕ್ಕಿಸಿಕೊಂಡು ಕೂತಳು. ಇಪ್ಪತ್ತೆರಡು ನಿಮಿಷದಲ್ಲಿ ಹತ್ತು ಕಿಲೋ ಮುಗಿಸಿದಳು. ಆ ಇಪ್ಪತ್ತೆರಡು ನಿಮಿಷವೂ ಎಲ್ಲರ ಎದುರು ಎದ್ದು ನಿಲ್ಲಿಸಿದ್ದಕ್ಕೆ ಅಕ್ಕೋರನ್ನು ಬೈಯುತ್ತಲೇ ಇದ್ದಳು.

‘ತರಬೇತಿ ವೇಳೆ ಇವರು ಬೇರೆ ಹಗುರವಾದ ಕೆಲಸ ಮಾಡಬೇಕು ಅಂತಿದೆ. ಏನು ಬರೆದುಕೊಳ್ಳಲಿ?’

ಸಮಿತಿ ಮತ್ತೆ ಚಾವಣಿ ನೋಡಿತು. ಗಂಗಿಯೇ ಹೇಳಿದಳು: ‘ದೋಸಿ ಹೊಯ್ತಾರಿ.’

ಪಾಲಾಕ್ಷರು ಹಾಗೆಯೇ ಬರೆದುಕೊಂಡರು. ಬಿಸಿಯೂಟಕ್ಕೆ ಕೂತು, ಒಂದು ಹೋಳು ಹೆಬ್ಬೆರಳಷ್ಟು, ಇನ್ನೊಂದು ಅಂಗೈಯಷ್ಟಿದ್ದ ಬದನೆಕಾಯಿ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಹೋಗುವಾಗ ಗೋಡೆಯ ಹಂಚಿನ ಕಡೆ ಇನ್ನೊಮ್ಮೆ ನೋಡಿದರು. ತುಟಿ ಅಲುಗಿತು. ಎಂಟರ ಮಗ್ಗಿಯನ್ನು ಪೂರ್ತಿ ಹೇಳಿಕೊಂಡರೆಂದು ನನ್ನ ಅನುಮಾನ.

ಅಂದು ಸಂಜೆಯೇ ಹನ್ನೊಂದು ಟ್ರಂಕುಗಳು ಅಟ್ಟಕ್ಕೆ ಹೋದವು. ಸದ್ಯಕ್ಕೆ ನಮಗೆ ಇರುವುದು ಒಂದೇ ತೊಂದರೆ. ಬರುವ ವರ್ಷ ಅಕ್ಕೋರು ಪಾಸಾಗಿಬಿಟ್ಟರೆ ಅವರನ್ನು ಪೂರ್ಣಾವಧಿ ತರಕಾರಿಗೆ ಹಚ್ಚುತ್ತಾರೆ, ಪಾಠಕ್ಕೆ ಹೊತ್ತು ಸಿಗುವುದಿಲ್ಲ. ತೀರ ಕಡಿಮೆ ಹೆಚ್ಚಿದರೆ ತರಬೇತಿ ವ್ಯರ್ಥವೆಂದು ಹುದ್ದೆ ಹೋಗುತ್ತದೆ. ಆದ್ದರಿಂದ ಒಲೆ ಸಮಿತಿ ಅವರನ್ನು ಎಂಟೂವರೆ ಕಿಲೋದಲ್ಲಿ ನಿಲ್ಲಿಸಬೇಕೆಂದು ತೀರ್ಮಾನಿಸಿದೆ. ಪ್ರಗತಿ ಇದೆ, ಆದರೆ ಸಾಲದು ಎಂಬ ಹದ. ಗೊತ್ತಿದ್ದೂ ಕಡಿಮೆ ಹೆಚ್ಚುವುದೂ ಮೋಸವೇ ಎಂದು ಅಕ್ಕೋರು ತಕರಾರು ತೆಗೆದಿದ್ದಾರೆ. ಬೇಕೆಂದೇ ಮೊಂಡು ಈಳಿಗೆ ಕೊಡುತ್ತೇನೆ, ಅದು ಅವರ ತಪ್ಪಾಗುವುದಿಲ್ಲವಲ್ಲ ಎಂದು ದ್ಯಾಮವ್ವ ಸಮಾಧಾನ ಹೇಳಿದ್ದಾಳೆ. ಚರ್ಚೆ ನಡೆದಿದೆ.

ಹಿರಿಯರೇ, ಇಷ್ಟೆಲ್ಲ ಓದಿ, ಇವರು ಸುಖವಾಗಿದ್ದಾರಲ್ಲ, ಶಾಲೆ ಮುಚ್ಚಿದರೂ ನಡೆಯುತ್ತದಲ್ಲ ಎಂದು ನೀವು ಮುಚ್ಚುವ ಪೆನ್ನು ಕೈಗೆತ್ತಿಕೊಂಡೀರಿ ಎಂಬುದೇ ನನ್ನ ಹೆದರಿಕೆ. ನಾವು ಸುಖವಾಗಿದ್ದೇವೆ, ನಿಜ. ನಮ್ಮ ಸುತ್ತ ಇನ್ನೂ ಹದಿಮೂರು ಊರುಗಳಿದ್ದವು. ಅಲ್ಲಿಯ ಪಟ್ಟಿ ಬರೆದ ಗುಮಾಸ್ತರು ಚಹಾಕ್ಕೆ ಏಳಲಿಲ್ಲ. ಒಲೆಯನ್ನೂ ಮರೆಯದೆ ಸೇರಿಸಿದರು. ಆ ಊರುಗಳಿಂದ ಈ ಹತ್ತು ವರ್ಷದ ಪಾಳಿಯಲ್ಲಿ ನಿಮಗೆ ಪತ್ರ ಬರುವುದಿಲ್ಲ. ಬರೆಯಲು ಅಲ್ಲಿ ಯಾರೂ ಇಲ್ಲ.

ಕೊನೆಯದಾಗಿ ಒಂದು ಕೋರಿಕೆ. ಅಧಿಕಾರಿ ಹೋದ ಮೇಲೆ ತರಬೇತಿಯ ಕಾಗದಕ್ಕೆ ರುಜು ಹಾಕುವಾಗ ಅಕ್ಕೋರು ಹೆಸರಿನ ಕೆಳಗೆ ಹುದ್ದೆಯ ಜಾಗದಲ್ಲಿ ಸ್ವಲ್ಪ ಹೊತ್ತು ಪೆನ್ನು ಹಿಡಿದು ಸುಮ್ಮನೆ ಕೂತಿದ್ದರು. ಆಮೇಲೆ ‘ತರಕಾರಿ’ ಎಂದು ಬರೆದರು. ಐನೂರು ಮಕ್ಕಳಿಗೆ ಓದು ಕಲಿಸಿದ ಈ ಶಾಲೆಯಲ್ಲಿ ನೂರ ಇಪ್ಪತ್ತೆರಡು ವರ್ಷಗಳಿಂದ ಶಿಕ್ಷಕಿ ಎಂಬ ಪದವನ್ನು ಯಾರ ಹೆಸರಿನ ಮುಂದೆಯೂ ಬರೆಯುವ ಹಾಗಿಲ್ಲ. ಬರೆದರೆ ಇಲಾಖೆ ಓದುತ್ತದೆ. ಆದರೆ ಹಿಂದಿನ ಕಾಲಕ್ಕೆ ಹೋಗುವ ಟಪಾಲನ್ನು ಇಲಾಖೆ ತೆರೆದು ನೋಡುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ:

ಬಸಲಿಂಗಮ್ಮ, ಶಿಕ್ಷಕಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಚಿಕ್ಕಜೋಗಿಹಾಳ.

ಈ ಕಾಗದವನ್ನು ಜೋಪಾನವಾಗಿ ಇಟ್ಟುಕೊಂಡಿರಿ. ನಾವು ಹುಟ್ಟಿದ ಮೇಲೆ ಬಂದು ಇಸಿದುಕೊಳ್ಳುತ್ತೇವೆ.

ನಿಮ್ಮ ಮುಂದಿನವನು,
ಗವಿಸಿದ್ದಪ್ಪ
ಒಲೆ ಸಮಿತಿಯ ಪರವಾಗಿ